ಮೊಳೆಗೆ ನೇತುಹಾಕಿದ ಲೋಕಲ್ ವೈರು

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಅದು ಹೊಸಿಲು ದಾಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಒರಿಜಿನಲ್ಲೋ, ಲೋಕಲ್ಲೋ? ಕೊಡೆಯಿರಲಿ, ಟಾರ್ಚಿನ ಬಲ್ಬಿರಲಿ, ಅಜ್ಜಿಯ ಕನ್ನಡಕದ ಕಡ್ಡಿಯಿರಲಿ, ಅಪ್ಪಾಜಿ ಅದನ್ನು ಬೆಳಕಿಗೆ ಹಿಡಿದು, ಮಗುಚಿ ಹಾಕಿ, ಕಂಪನಿಯ ಮುದ್ರೆ ಎಲ್ಲಿದೆ ಎಂದು ಹುಡುಕುತ್ತಿದ್ದರು. ಮುದ್ರೆ ಸಿಕ್ಕರೆ ವಸ್ತು ಒಳಗೆ, ಸಿಗದಿದ್ದರೆ ತಂದವರ ಮುಖ ಸಣ್ಣಗೆ. ಮೊನ್ನೆ ಚಳಿಗಾಲದಲ್ಲಿ ತುರುವೇಕೆರೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮಂಜಣ್ಣ ನಮ್ಮ ಹಳೆಯ ಕಾರಿನ ಬಾನೆಟ್ ಎತ್ತಿ, “ವೈರುಗಳೆಲ್ಲ ಬದಲಾಯಿಸ್ಬೇಕು ಮೇಡಂ, ಕಂಪ್ನೀದು ಹಾಕಾಣೋ, ಲೋಕಲ್ಲು ಹಾಕಾಣೋ?” ಎಂದು ಕೇಳಿದಾಗ, ನನ್ನ ಬಾಯಿಂದ ಯೋಚನೆಗಿಂತ ಮೊದಲು ಉತ್ತರ ಬಂತು: “ಒರಿಜಿನಲ್.” ಅರವತ್ತು ವರ್ಷದ ಹೆಂಗಸು ನಾನು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಆದರೆ ಅಲ್ಲಿ ಮಾತಾಡಿದ್ದು ಅಪ್ಪಾಜಿಯ ಮಗಳು. ಆ ಮಗಳು ಹೇಗೆ ತಯಾರಾದಳು ಎನ್ನುವುದನ್ನು ಹೇಳಬೇಕಾದರೆ ಆ ಕಾರಿನ ಒಂದು ವೈರಿನ ಕಥೆ ಹೇಳಬೇಕು.

ತಿಪಟೂರಿನ ನಮ್ಮ ಮನೆ ಅರ್ಧ ಮನೆ, ಅರ್ಧ ಮಂಡಿ. ಬೀದಿಗೆ ಮುಖಮಾಡಿದ ಮುಂಭಾಗದಲ್ಲಿ ಕೊಬ್ಬರಿ ವ್ಯಾಪಾರ: ತಕ್ಕಡಿ, ಗೋಣಿಚೀಲ, ಉತ್ತರದಿಂದ ಬರುವ ಸೇಟುಗಳಿಗೆಂದು ಎರಡು ಬೆತ್ತದ ಕುರ್ಚಿ. ಅದರ ಹಿಂದೆ ನಡುಮನೆ, ದೇವರ ಕೋಣೆ, ಅಡುಗೆಮನೆ, ಕಟ್ಟಕಡೆಗೆ ಹಂಡೆ ಒಲೆಯ ಬಚ್ಚಲು, ಅದರಾಚೆ ಹಿತ್ತಲ ಅಂಗಳ ಮತ್ತು ಕಾರಿನ ಕೊಟ್ಟಿಗೆ. ಇಷ್ಟರ ತಲೆಯ ಮೇಲೂ ಅಟ್ಟ. ಕೆಳಗೆ ನಾವು ಹದಿನಾಲ್ಕು ಜನ, ಮೇಲೆ ಎಣಿಸಲಾಗದಷ್ಟು ತೆಂಗಿನಕಾಯಿ. ಕಾಯಿಯನ್ನು ಸುಲಿಯದೆ ವರ್ಷದವರೆಗೂ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಪ್ಪಾಜಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, “ಇದಕ್ಕೆ ಇನ್ನೊಂದು ತಿಂಗಳು ಬೇಕು” ಎಂದರೆ ಇನ್ನೊಂದು ತಿಂಗಳೇ. ಒಡೆದು ನೋಡುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ. ಅಷ್ಟು ಒಳ್ಳೆಯ ಕಿವಿಯಿದ್ದ ಮನುಷ್ಯ ಮಿಕ್ಕ ವಸ್ತುಗಳ ವಿಷಯದಲ್ಲಿ ಮುದ್ರೆಯನ್ನೇ ನಂಬುತ್ತಿದ್ದರು. ಇದರಲ್ಲಿ ವಿಚಿತ್ರವಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಅಪ್ಪಾಜಿ ಮಾಡಿದ್ದೆಲ್ಲ ಸರಿ ಎಂದು ನಂಬಿದ್ದ ಹುಡುಗಿ ನಾನು.

ಆ ಮನೆಯಲ್ಲಿ ಶನಿವಾರ ಎಣ್ಣೆಯ ದಿನ. ಗಂಡಸರು ಮೈಗೆ ಎಣ್ಣೆ ಹಚ್ಚಿಕೊಂಡು ಹಂಡೆಯ ನೀರಿಗೆ ಸಾಲು ನಿಲ್ಲುತ್ತಿದ್ದರು. ಅವರ ಅಭ್ಯಂಜನದ ಜೊತೆಗೆ ಮನೆಯ ಸಾಮಾನುಗಳಿಗೂ ಅಭ್ಯಂಜನ. ಬಾಗಿಲ ಕೀಲು, ಬಾವಿಯ ರಾಟೆ, ಉಯ್ಯಾಲೆಯ ಕೊಂಡಿ, ಹೊಲಿಗೆ ಯಂತ್ರ, ತಕ್ಕಡಿಯ ಮುಳ್ಳು, ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಕೊಬ್ಬರಿ ಮಾರುವವರ ಮನೆಯಲ್ಲಿ ಬೇರೆ ಎಣ್ಣೆ ಕೊಂಡು ತರುವುದೆಂದರೆ ಅದು ಅವಮಾನವಿದ್ದಂತೆ. ನನಗೆ ಎಂಟು ವರ್ಷ ತುಂಬಿದಾಗ ಅಜ್ಜಿ ಉದ್ದ ಮೂತಿಯ ತಗಡಿನ ಎಣ್ಣೆಕುಪ್ಪಿಯನ್ನು ನನ್ನ ಕೈಗೆ ಕೊಟ್ಟು, “ಇನ್ಮೇಲೆ ಇದು ನಿಂದು ಕಣೇ ಗಿರಿಜೆ, ಎಲ್ಲಿ ಕಿರ್ ಅಂತದೋ ಅಲ್ಲಿ ಬುಡು” ಎಂದಿದ್ದಳು. ಮನೆಯಲ್ಲಿ ನನಗೆ ಸಿಕ್ಕ ಮೊದಲ ಅಧಿಕಾರ ಅದು. ನಾನದನ್ನು ಚಲಾಯಿಸಿದ ರೀತಿ ನೋಡಿ ಅಣ್ಣ ಶಂಕರ ತನ್ನ ಸೈಕಲ್ಲನ್ನು ನನ್ನಿಂದ ಬಚ್ಚಿಡುತ್ತಿದ್ದ.

ಕಾರು ಕಪ್ಪು ಬಣ್ಣದ್ದು, ಸಮುದ್ರದಾಚೆಯಿಂದ ಬಂದದ್ದು, ನಮ್ಮ ಮನೆಗೆ ಬರುವ ಹೊತ್ತಿಗೇ ಹಳೆಯದು. ಮೈಸೂರಿನ ಕಡೆಯ ಡಾಕ್ಟರೊಬ್ಬರಿಂದ ಅಪ್ಪಾಜಿ ಕೊಂಡಿದ್ದರು. ಅದರ ಬಿಡಿಭಾಗಗಳಿಗೆ ಮುಂಬಯಿಗೆ ಕಾಗದ ಬರೆದು ತಿಂಗಳುಗಟ್ಟಲೆ ಕಾಯಬೇಕಿತ್ತು. ಎಣ್ಣೆಕಾಗದದಲ್ಲಿ ಸುತ್ತಿ, ಮೇಲೆ ಮುದ್ರೆ ಒತ್ತಿದ ಪೊಟ್ಟಣ ಬಂದ ದಿನ ಮನೆಯಲ್ಲಿ ಹಬ್ಬ. ಆ ಕಾಲಕ್ಕೆ ಅಪ್ಪಾಜಿ ಇನ್ನೊಂದು ಕೆಲಸ ಮಾಡಿದರು, ಅದನ್ನು ನಾನು ಮರೆಯಬಾರದು: ಅವ್ವನಿಗೆ ಕಾರು ಓಡಿಸುವುದನ್ನು ತಾವೇ ಕಲಿಸಿದರು. ಅವ್ವನಿಗೆ ಆಗ ಇಪ್ಪತ್ತೆಂಟು ವರ್ಷ. ಹೆಸರು ಗಂಗಮ್ಮ. ಮುದ್ದೆ ತೊಳಸುವ ಕೈಗೆ ಸ್ಟೀರಿಂಗ್ ಏನು ಭಾರ ಎನ್ನುವಂತೆ ಹದಿನೈದೇ ದಿನಕ್ಕೆ ಕಲಿತಳು. ಮಾಯಸಂದ್ರದ ಹತ್ತಿರದ ನಮ್ಮ ತೋಟಕ್ಕೆ ಮಧ್ಯಾಹ್ನದ ಊಟ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳೆಂದರೆ ಮಂಡಿಯ ಸೇಟುಗಳು ಕುರ್ಚಿಯಿಂದ ಎದ್ದು ನೋಡುತ್ತಿದ್ದರು. ಅಪ್ಪಾಜಿ ಮೀಸೆಯಡಿಯಲ್ಲಿ ನಗುತ್ತಿದ್ದರು. ಅಜ್ಜಿ ಮಾತ್ರ, “ಹೆಣ್ಣೆಂಗಸು ಓಡ್ಸೋ ಗಾಡೀಲಿ ನಾನಂತೂ ಕೂರಾಕಿಲ್ಲ” ಎಂದು ಆಣೆ ಹಾಕಿಕೊಂಡಿದ್ದಳು.

ದೀಪಾವಳಿ ಕಳೆದ ಮೇಲೆ ಅಪ್ಪಾಜಿ ವ್ಯಾಪಾರಕ್ಕೆಂದು ಕಾನ್ಪುರಕ್ಕೆ ಹೋಗಿದ್ದಾಗ ಆಕ್ಸಿಲರೇಟರಿನ ವೈರು ತುಂಡಾಯಿತು. ಕಾಲಿನ ಪೆಡಲಿನಿಂದ ಇಂಜಿನ್ನಿಗೆ ಹೋಗುವ ವೈರು ಅದು. ಹೊರಗೆ ಸುರುಳಿಯ ಕೊಳವೆ, ಅದರೊಳಗೆ ಹೆಣೆದ ಉಕ್ಕಿನ ತಂತಿ. ಕಾಲು ಒತ್ತಿದರೆ ತಂತಿ ಎಳೆದು ವೇಗ ಏರುತ್ತದೆ, ಕಾಲು ತೆಗೆದರೆ ಸ್ಪ್ರಿಂಗು ಅದನ್ನು ವಾಪಸು ಎಳೆದು ವೇಗ ಇಳಿಯುತ್ತದೆ. ತೋಟದಲ್ಲಿ ಕಾಯಿ ಕೀಳುವ ಆಳುಗಳು ಬಂದು ನಿಂತಿದ್ದರು. ಅವ್ವ ಮುಂಬಯಿಗೆ ಕಾಗದ ಬರೆಯುತ್ತಾ ಕೂರಲಿಲ್ಲ. ತುಂಡಾದ ವೈರನ್ನು ಬಿಚ್ಚಿಸಿ, ಸೈಕಲ್ ಶಾಪಿನ ಬಾಷಣ್ಣನ ಹತ್ತಿರ ಒಯ್ದಳು. ನಾನೂ ಜೊತೆಗೆ ಹೋಗಿದ್ದೆ. ಬಾಷಣ್ಣ ಲಾರಿಯ ವೈರೊಂದನ್ನು ಅಳತೆಗೆ ಕತ್ತರಿಸಿ, ತುದಿಗೆ ಹಿತ್ತಾಳೆಯ ಗುಂಡು ಬೆಸೆದು ಕೊಟ್ಟ. ಅವ್ವ ಅದನ್ನು ಹಾಗೆಯೇ ತೆಗೆದುಕೊಳ್ಳಲಿಲ್ಲ. ಒಂದು ತುದಿಯನ್ನು ಅವನ ಕೈಲಿ ಹಿಡಿಸಿ, ಇನ್ನೊಂದು ತುದಿಯನ್ನು ತಾನು ಎಳೆದು, ಬಗ್ಗಿಸಿ, ಬೆರಳಲ್ಲಿ ಸವರಿ, ಒಂದು ಗುಂಡನ್ನು ಎರಡು ಸಲ ಬೆಸೆಯಿಸಿ ಆಮೇಲೆ ಒಪ್ಪಿದಳು. ಅಂದೇ ಮಧ್ಯಾಹ್ನ ತೋಟಕ್ಕೆ ಹೋದಳು.

ಅಪ್ಪಾಜಿ ಬಂದವರೇ ಬಾನೆಟ್ ಎತ್ತಿದರು. ಆ ರಾತ್ರಿಯ ಊಟ ನನಗೆ ಚೆನ್ನಾಗಿ ನೆನಪಿದೆ: ಮುದ್ದೆ, ಹುರುಳಿಕಾಳಿನ ಬಸ್ಸಾರು, ಮತ್ತು ಹದಿನಾಲ್ಕು ಜನರ ನಡುವೆ ನಡೆದ ಜಗಳ.

“ಮುದ್ರೆ ಇಲ್ಲ, ಕಂಪ್ನಿ ಇಲ್ಲ, ಸೈಕಲ್ ರಿಪೇರಿಯೋನು ಮಾಡಿದ್ ವೈರು. ನನ್ ಗಾಡಿಗೆ ಹಾಕ್ಸಿದ್ದೀಯಲ್ಲ, ನಿಂಗೆ ಏನನ್ಬೇಕು?”

“ಏನೂ ಅನ್ಬೇಡಿ, ಓಡ್ಸಿ ನೋಡಿ. ಕೊಬ್ರೀಗೆ ಯಾವ ಕಂಪ್ನಿ ಮುದ್ರೆ ಐತೆ? ಅಲ್ಲಾಡ್ಸಿ ನೋಡಿ ತಾನೇ ತಗಳೋದು ನೀವು?”

ನಡುಮನೆಯಲ್ಲಿ ಯಾರೋ ನಕ್ಕರು. ಅಪ್ಪಾಜಿಗೂ ನಗು ಬಂದಿತ್ತು, ನುಂಗಿಕೊಂಡರು. ಮಾರನೆಯ ದಿನ ಓಡಿಸಿ ನೋಡಿ, “ಪರವಾಗಿಲ್ಲ, ಮುಂಬಯಿದು ಬರೋವರ್ಗೂ ಇರ್ಲಿ” ಎಂದರು. ಒಂದು ತಿಂಗಳು ಕಳೆದರೂ ವೈರು ಸದ್ದಿಲ್ಲದೆ ಕೆಲಸ ಮಾಡಿತು. ಅವ್ವ ಗೆದ್ದಿದ್ದಳು. ಆ ಗೆಲುವಿನ ದೊಡ್ಡ ಗುರುತು ಎಂದರೆ ಅಜ್ಜಿ. ತುರುವೇಕೆರೆಯಲ್ಲಿ ತನ್ನ ತಂಗಿಯ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ, ಬೆಳಗ್ಗೆ ಬೇಗ ಹೊರಡಬೇಕಿದ್ದರಿಂದ, ಅವ್ವ ಓಡಿಸುವ ಗಾಡಿಯಲ್ಲಿಯೇ ಬರುತ್ತೇನೆಂದು ಒಪ್ಪಿಬಿಟ್ಟಳು.

ಅಜ್ಜಿ ಒಪ್ಪಿದ್ದು ಅವ್ವನಿಗೆ ಎಷ್ಟು ದೊಡ್ಡ ವಿಷಯ ಎಂದು ಒಂಬತ್ತು ವರ್ಷದ ನನಗೂ ಗೊತ್ತಿತ್ತು. ಹೊರಡುವ ಎರಡು ದಿನ ಮೊದಲು ಶನಿವಾರ ಬಂತು. ಅವ್ವ ಕಾರು ಒರೆಸಿ, ಬಾನೆಟ್ ತೆರೆದಿಟ್ಟು ನೀರು ತರಲು ಒಳಗೆ ಹೋದಳು. ಬಾಷಣ್ಣ ಸೈಕಲ್ಲಿನ ಬ್ರೇಕ್ ವೈರಿನ ಬಾಯಿಗೆ ಕಾಗದದ ಕೊಳವೆ ಸಿಕ್ಕಿಸಿ ಮಷೀನ್ ಎಣ್ಣೆ ಇಳಿಸುವುದನ್ನು ನೋಡಿದ್ದೆ. ನಾನೂ ಹಾಗೇ ಕಾಗದ ಸುತ್ತಿ, ಆಕ್ಸಿಲರೇಟರ್ ವೈರಿನ ಮೇಲ್ತುದಿಗೆ ಸಿಕ್ಕಿಸಿ, ನನ್ನ ಕುಪ್ಪಿಯ ಕೊಬ್ಬರಿ ಎಣ್ಣೆಯನ್ನು ಕೆಳತುದಿಯಲ್ಲಿ ತೊಟ್ಟಿಕ್ಕುವವರೆಗೂ ಹುಯ್ದೆ. ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಮಾಡಿದ ಒಳ್ಳೆಯ ಕೆಲಸದ ಪುಳಕವೇ ಬೇರೆ. ಮಾರನೆಯ ಮಧ್ಯಾಹ್ನ ಅವ್ವ ಪೇಟೆಗೆ ಹೋಗಿ ಬಂದು, “ಇವತ್ತು ಪೆಡಲ್ಲು ಬೆಣ್ಣೆ ಹಂಗೆ ಹೋಯ್ತದೆ” ಎಂದಾಗ ನಾನು ಅಡುಗೆಮನೆಯ ಕಂಬಕ್ಕೆ ಮುಖ ಒತ್ತಿಕೊಂಡು ನಕ್ಕಿದ್ದೆ.

ಸೋಮವಾರದ ಬೆಳಗ್ಗೆ ಮೈ ಕೊರೆಯುವ ಚಳಿ. ಹಿತ್ತಲಿನ ಬಾಳೆ ಎಲೆಯ ಮೇಲೆ ಇಬ್ಬನಿ ಹಾಗೇ ನಿಂತಿತ್ತು. ಅಜ್ಜಿ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ನಾನು. ಅಪ್ಪಾಜಿ ಬಚ್ಚಲ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದರು. ಅವ್ವ ಸ್ಟಾರ್ಟ್ ಮಾಡಿ, ಪೆಡಲು ಬಿಗಿಯಾಯಿತೆಂದು ಇನ್ನಷ್ಟು ಬಲವಾಗಿ ಒತ್ತಿರಬೇಕು. ಕಾರು ಮುಂದಕ್ಕೆ ನೆಗೆಯಿತು. ಅವ್ವ ಕಾಲು ತೆಗೆದದ್ದನ್ನು ನಾನು ಕಣ್ಣಾರೆ ಕಂಡೆ, ಆದರೂ ಇಂಜಿನ್ನಿನ ಭೋರು ನಿಲ್ಲಲಿಲ್ಲ. ಅಂಗಳದ ತುದಿಯಲ್ಲಿ ದನಗಳಿಗೆ ನೀರಿಡುವ ಕಲ್ಲಿನ ಬಾನಿ. ಅವ್ವ ಬ್ರೇಕು ತುಳಿದು, ಕೀಲಿಕೈ ತಿರುಗಿಸಿ ಇಂಜಿನ್ ಆರಿಸಿದಳು. ಅಷ್ಟರಲ್ಲಿ ಕಾರಿನ ಮೂತಿ ಬಾನಿಗೆ ಗುದ್ದಿತ್ತು. ಅವ್ವ ಕೀಲಿಕೈ ತಿರುಗಿಸದಿದ್ದರೆ ನಾವು ಬಾನಿ ಒಡೆದುಕೊಂಡು ಬಾವಿಯ ಕಟ್ಟೆಗೆ ಹೋಗುತ್ತಿದ್ದೆವು. ಇದನ್ನು ಅಂದು ಯಾರೂ ಹೇಳಲಿಲ್ಲ. ಅಜ್ಜಿಯ ಎಡಗೈ ಮಣಿಕಟ್ಟು ಮುರಿದಿತ್ತು.

“ನೋಡ್ದೇನೇ? ಇದೇ ಲೋಕಲ್ ಮಾಲು ಅಂದ್ರೆ. ನಿಂಗೆ ಗೊತ್ತಾಗ್ಬೇಕಾದ್ರೆ ನನ್ ತಾಯಿ ಕೈ ಮುರೀಬೇಕಾಯ್ತು,” ಎಂದರು ಅಪ್ಪಾಜಿ.

ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ ಮೇಲೆ, ಬಿಸಿಲು ನೆತ್ತಿಗೇರಿದಾಗ, ಅಪ್ಪಾಜಿ ಕಾರಿನಲ್ಲಿ ಕೂತು ಪೆಡಲು ಒತ್ತಿ ನೋಡಿದರು. ವೈರು ಸಲೀಸಾಗಿ ಹೋಗಿ ಸಲೀಸಾಗಿ ಬಂತು. ಅವರು ನಮ್ಮೆಲ್ಲರ ಕಡೆ ತಿರುಗಿ, “ಒಂದ್ಸಲ ಸಿಕ್ಕಾಕ್ಕೋತದೆ, ಒಂದ್ಸಲ ಓಡ್ತದೆ. ನಂಬಿಕೆ ಇಲ್ದಿರೋ ಮಾಲು ಅಂದ್ರೆ ಇದೇ” ಎಂದರು. ಸಂಜೆ ಸುದ್ದಿ ತಿಳಿದು ಬಾಷಣ್ಣ ಓಡಿಬಂದ.

“ಯಜಮಾನ್ರೇ, ಒಂದ್ಸಲ ಬಿಚ್ಚಿ ನೋಡ್ತೀನಿ. ತಪ್ಪು ನಂದಾಗಿದ್ರೆ ಒಪ್ಕೋತೀನಿ.”

“ನೋಡೋದೇನೂ ಇಲ್ಲ, ಹೋಗಯ್ಯ.”

ಕಾರಿನ ಕೀಲಿಕೈಯನ್ನು ಅಪ್ಪಾಜಿ ಕೇಳಲಿಲ್ಲ. ಅವ್ವನೇ ತಂದು ಅವರ ಮುಂದಿನ ಮಣೆಯ ಮೇಲೆ ಇಟ್ಟು ಒಳಗೆ ಹೋದಳು. ಮತ್ತೆ ಯಾವತ್ತೂ ಸ್ಟೀರಿಂಗ್ ಮುಟ್ಟಲಿಲ್ಲ. ಮೂರು ತಿಂಗಳು, ದಿನಾ ಬೆಳಗ್ಗೆ, ಅಜ್ಜಿ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂತಾಗ ಪಟ್ಟಿ ಕಟ್ಟಿದ ಆ ಎಡಗೈಯ ಕೆಳಗೆ ಅವ್ವ ತನ್ನ ಎರಡೂ ಕೈ ಹಿಡಿದು, ಪೂಜೆ ಮುಗಿಯುವವರೆಗೂ ಮಂಡಿಯೂರಿ ಕೂರುತ್ತಿದ್ದಳು. ಅಜ್ಜಿ ಅವಸರ ಮಾಡುತ್ತಿರಲಿಲ್ಲ. ಮುಂಬಯಿಯ ಪೊಟ್ಟಣ ಬಂತು, ಒರಿಜಿನಲ್ ವೈರು ಕೂತಿತು. ಬಿಚ್ಚಿದ ವೈರನ್ನು ಅಪ್ಪಾಜಿ ಎಸೆಯಲಿಲ್ಲ. ಸುರುಳಿ ಸುತ್ತಿ ಕೊಟ್ಟಿಗೆಯ ಗೋಡೆಯ ಮೊಳೆಗೆ ನೇತುಹಾಕಿ, “ಎಲ್ರೂ ನೋಡ್ಲಿ” ಎಂದರು. ನಾವೆಲ್ಲ ನೋಡಿದೆವು, ವರ್ಷಗಟ್ಟಲೆ. ಬಂದ ನೆಂಟರಿಗೂ ತೋರಿಸಿದೆವು. ಅವ್ವನಿಗೆ ‘ಲೋಕಲ್ ಗಂಗಮ್ಮ’ ಎಂಬ ಹೆಸರು ಅಂಟಿಕೊಂಡಿತು. ಮಾವಂದಿರು ಪ್ರೀತಿಯಿಂದಲೇ ಕರೆಯುತ್ತಿದ್ದರು, ಅಣ್ಣ ತಮಾಷೆಗೆ ಕರೆಯುತ್ತಿದ್ದ. ಅವ್ವ ನಗುತ್ತಿದ್ದಳು.

ನಾನು ಯಾರ ಪಕ್ಷ ಹಿಡಿದೆ ಎಂದು ಹೇಳಲೇಬೇಕು. ನಾನು ಮುದ್ರೆಯ ಪಕ್ಷ ಹಿಡಿದೆ. ಎಣ್ಣೆ ಹುಯ್ದದ್ದು ನನ್ನ ತಲೆಯಲ್ಲಿ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿತ್ತು, ಅಪಘಾತ ಬೇರೆ ಪಟ್ಟಿಯಲ್ಲಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಪ್ರಸಂಗವೇ ಬರಲಿಲ್ಲ. ನಾನು ಬೆಳೆದಂತೆ ಅಪ್ಪಾಜಿಯ ಕಣ್ಣು ನನಗೆ ಬಂತು. ಪುಸ್ತಕ ಕೊಂಡರೆ ಅಚ್ಚಿನ ಹೆಸರು ನೋಡುತ್ತಿದ್ದೆ, ಸೀರೆ ಕೊಂಡರೆ ಅಂಚಿನ ಚೀಟಿ ನೋಡುತ್ತಿದ್ದೆ. ಮೊದಲ ಕೆಲಸಕ್ಕೆ ಸೇರಿದ ದಿನ ಅವ್ವ ತಾನೇ ಪೇಟೆಗೆ ಹೋಗಿ ಒಂದು ಕೈಗಡಿಯಾರ ತಂದುಕೊಟ್ಟಳು. ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ ನಾನದನ್ನು ಮಗುಚಿ ನೋಡಿ ಕೇಳಿದೆ: “ಒರಿಜಿನಲ್ಲೇನವ್ವ?” ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆ ಗಡಿಯಾರ ಇಪ್ಪತ್ತು ವರ್ಷ ಓಡಿತು. ಒಂದು ದಿನವೂ ನಾನು ಅದನ್ನು ಅವಳಿಗೆ ಹೇಳಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಪ್ಪಾಜಿ ಹೋಗಿ ಬಹಳ ಕಾಲವಾಯಿತು. ನಾನು ನಿವೃತ್ತಳಾಗಿ ಮಾಯಸಂದ್ರದ ತೋಟದ ಮನೆಗೆ ಬಂದ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ಎಂಬತ್ತಕ್ಕೆ ಒಂದು ಕಡಿಮೆ. ತೋಟದ ಆಳುಗಳಿಗೆ ಇವತ್ತಿಗೂ ಅವಳ ದನಿ ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ. ತಿಪಟೂರಿನ ಮನೆಯ ಕೊಟ್ಟಿಗೆಯನ್ನು ಅಣ್ಣ ಕೆಡವುವಾಗ ಕಾರನ್ನು ಗುಜರಿಗೆ ಹಾಕುತ್ತೇನೆಂದ. ನಾನು ಬೇಡವೆಂದು ಲಾರಿಗೆ ಹೇರಿಸಿ ತಂದೆ. ಮೊಳೆಯ ವೈರೂ ಒಂದು ಗೋಣಿಚೀಲದಲ್ಲಿ ಜೊತೆಗೇ ಬಂತು. ಅವ್ವ ಚೀಲದೊಳಗೆ ಇಣುಕಿ, ಬಾಯಿ ಕಟ್ಟಿ, ಮೂಲೆಗೆ ತಳ್ಳಿದಳು.

ಆಮೇಲೆ ಮಂಜಣ್ಣನ ಗ್ಯಾರೇಜು. ಒರಿಜಿನಲ್ ಎಂದು ನಾನು ಗತ್ತಿನಿಂದ ಹೇಳಿದೆನಲ್ಲ, ಅದಕ್ಕೆ ಅವನು ತಲೆ ಕೆರೆದುಕೊಂಡ.

“ಕಂಪ್ನೀದು ಬೆಂಗ್ಳೂರಲ್ಲಿ ಒಂದು ಸೆಟ್ ಸಿಕ್ಕೈತೆ ಮೇಡಂ. ಸೀಲೂ ಐತೆ. ಆದ್ರೆ ಎಷ್ಟು ವರ್ಷದಿಂದ ಗೋಡೌನಲ್ಲಿ ಕೂತೈತೋ, ಒಳಗೆ ತಂತಿ ಏನಾಗೈತೋ. ಲೋಕಲ್ಲು ಅಂದ್ರೆ ಹೊಸಾದು, ಕೊಳವೆ ಒಳಗೆ ನೈಲಾನ್ ಬತ್ತದೆ, ಸಲೀಸು. ಆದ್ರೆ ಉದ್ದ ಸರಿಯಾಗಿರ್ಬೇಕು. ಗಾಡೀಲಿರೋದು ತುಂಡುತುಂಡಾಗೈತೆ, ಹಳೇ ಸ್ಯಾಂಪಲ್ ಏನಾದ್ರೂ ಐತಾ?”

ಸ್ಯಾಂಪಲ್ ಎಂದು ಮೊಳೆಯ ವೈರನ್ನೇ ಒಯ್ದುಕೊಟ್ಟೆ. ಅಂದು ಬೆಳಗ್ಗೆಯೂ ಚಳಿ ಜೋರಾಗಿತ್ತು. ಮಂಜಣ್ಣ ಒಂದು ತುದಿ ಹಿಡಿದು ಎಳೆದ, ತಂತಿ ಕದಲಲಿಲ್ಲ. ಇಕ್ಕಳದಲ್ಲಿ ಎಳೆದ, ಒಂದಿಷ್ಟು ಬಂದು ಅಲ್ಲೇ ನಿಂತಿತು. “ತುಕ್ಕು ಹಿಡ್ದೈತೆ” ಎಂದು ಬಿಸಿಲಲ್ಲಿದ್ದ ತಗಡಿನ ಮೇಲೆ ಅದನ್ನು ಎಸೆದು ನನಗೆ ಟೀ ತರಿಸಿದ. ಟೀ ಮುಗಿದು, ಕರೆಂಟಿನ ಕಷ್ಟ ಮಾತಾಡಿ, ಬಿಸಿಲು ಚೆನ್ನಾಗಿ ಏರಿದ ಮೇಲೆ ಮತ್ತೆ ಎತ್ತಿ ಎಳೆದ. ತಂತಿ ಸರ್‍ರನೆ ಹೊರಬಂತು. ತುದಿಯಿಂದ ಕಂದು ಬಣ್ಣದ ಒಂದು ಹನಿ ಅವನ ಬೆರಳಿಗೆ ಬಿತ್ತು. ಅವನು ಮೂಸಿ ನೋಡಿದ.

“ಕಮಟು ವಾಸ್ನೆ. ಮೇಡಂ, ಯಾರೋ ಇದ್ಕೆ ಕೊಬ್ರಿ ಎಣ್ಣೆ ಹುಯ್ದವ್ರೆ!”

ತಂತಿಯ ತುದಿಯನ್ನು ಇಸಿದುಕೊಂಡು ನಾನೂ ಮೂಸಿದೆ.

“ಚಳೀಲಿ ಗಟ್ಟಿಯಾಗತ್ತೆ,” ಎಂದೆ.

“ಅಲ್ವಾ ಮತ್ತೆ? ಸ್ಪ್ರಿಂಗ್ ಎಳೆದ್ರೂ ವಾಪಸ್ ಬರಾಕಿಲ್ಲ. ವೈರ್ ನೋಡಿ, ಒಂದ್ ಎಳೇನೂ ಹೋಗಿಲ್ಲ. ಮಾಡ್ದೋನು ಒಳ್ಳೆ ಕೆಲಸ್ಗಾರ.”

ಕರಗುವ ಬಿಂದು ಎಂಬ ಪಾಠವನ್ನು ನಾನು ಮೂವತ್ತು ವರ್ಷ ಮಾಡಿದ್ದೇನೆ. ಪ್ರತಿ ವರ್ಷವೂ ಕೊಬ್ಬರಿ ಎಣ್ಣೆಯ ಉದಾಹರಣೆಯನ್ನೇ ಕೊಟ್ಟಿದ್ದೇನೆ, ನಮ್ಮ ಕಡೆಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆಂದು. ಮನೆಗೆ ಬರುವ ದಾರಿಯಲ್ಲಿ ಅವ್ವನಿಗೆ ಹೇಳದೇ ಇರಬಹುದಲ್ಲ ಎಂದು ಒಂದು ಸಲ ಯೋಚಿಸಿದೆ. ಹೇಳಿದರೆ ಯಾರಿಗೇನು ಲಾಭ, ಅಪ್ಪಾಜಿ ಇಲ್ಲ, ಅಜ್ಜಿ ಇಲ್ಲ ಎಂದು ಒಳ್ಳೊಳ್ಳೆಯ ಕಾರಣಗಳೇ ಬಂದವು. ಆದರೆ ಅವೆಲ್ಲ ನನಗೆ ಅನುಕೂಲವಾದ ಕಾರಣಗಳು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಅವ್ವ ಜಗಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು, ಕಾಗದದ ಕೊಳವೆಯಿಂದ ಹಿಡಿದು ಮಂಜಣ್ಣನ ಬೆರಳಿನ ಹನಿಯವರೆಗೆ ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ನಿಂತಿತು.

“ಆ ಚಳೀಲಿ ನಿಮ್ಮಜ್ಜಿ ದಿನಾ ಎಣ್ಣೆ ಬಾಟ್ಲೀನ ಹಂಡೆ ಒಲೆ ಹತ್ರ ಇಟ್ಟು ಕರಗುಸ್ಕೊತಿದ್ರು,” ಎಂದಳು. “ಮನೇಲಿ ಹದಿನಾಲ್ಕು ಜನ. ಕೊಬ್ರಿ ಮಾರಿ ಬದುಕ್ದೋರು. ಒಬ್ರೂ ಆ ವೈರ್ ಬಿಚ್ಚಿ ನೋಡ್ಲಿಲ್ವಲ್ಲೇ.”

“ಬಾಷಣ್ಣ ಕೇಳ್ದ.”

“ಕೇಳ್ದ. ಅವನನ್ನ ಓಡ್ಸುದ್ರು.” ಮತ್ತೊಂದು ಕಾಯಿ ಸುಲಿದು, “ನಾನೂ ನೋಡ್ಲಿಲ್ಲ ಕಣೇ ಗಿರಿಜೆ. ಎಳೆದು, ಬಗ್ಸಿ, ನಾನೇ ಪರೀಕ್ಷೆ ಮಾಡಿ ತಂದಿದ್ ವೈರು. ಸರಿಯಾಗೈತೆ ಅಂತ ನನ್ ಕೈಗೆ ಗೊತ್ತಿತ್ತು. ಆದ್ರೂ ಅವ್ರೆಲ್ಲ ಹೇಳ್ದಾಗ, ನನ್ ಕೈನೇ ಸುಳ್ಳು ಅಂದ್ಕಂಡೆ” ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ನನ್ನನ್ನು ಸಮಾಧಾನ ಮಾಡಲಿಲ್ಲ, ಮಗು ಆಗಿದ್ದೆ ಹೋಗಲಿ ಬಿಡು ಎನ್ನಲಿಲ್ಲ. ಅವಳು ಹಾಗೆ ಹೇಳುತ್ತಾಳೆಂದು ನಾನು ಕಾದಿದ್ದೆ ಎಂಬುದು ನನಗೆ ಆಗಲೇ ತಿಳಿದದ್ದು.

ಸೆರಗಿನಿಂದ ಮುಖ ಒರೆಸಿಕೊಂಡು, “ನಿಮ್ಮಣ್ಣನಿಗೆ ಫೋನ್ ಮಾಡಿ ಹೇಳು. ಈಗ್ಲೇ. ಸ್ಪೀಕರ್ ಹಾಕು” ಎಂದಳು. ಅಣ್ಣನಿಗೆ ಮತ್ತೆ ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಇನ್ನೂ ಕಷ್ಟವಾಯಿತು. ಅವನು ಕೇಳಿ, ಎಂದಿನ ಹಗುರ ದನಿಯಲ್ಲಿ ಅಂದ:

“ಹೋಗ್ಲಿ ಬುಡವ್ವ. ಹಳೇದು.”

“ಹಳೇದು ನಿಂಗೆ ಕಣಪ್ಪ,” ಎಂದಳು ಅವ್ವ.

ಅಣ್ಣ, “ತಪ್ಪಾಯ್ತವ್ವ” ಎಂದ. ಅವನು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೂ ಹೇಳಿದೆ. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಅಡುಗೆಯ ವಿಷಯ ಬಿಟ್ಟು ಮಾತಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ವಿಭೂತಿ ಇಟ್ಟು, ಒಳ್ಳೆಯ ಸೀರೆ ಉಟ್ಟು, “ತುರುವೇಕೆರೆಗೆ ನಾನೂ ಬತ್ತೀನಿ” ಎಂದು ನಿಂತಳು. ಗ್ಯಾರೇಜಿನಲ್ಲಿ ಮಂಜಣ್ಣ ಎರಡು ಸೆಟ್ ವೈರುಗಳನ್ನು ಹಲಗೆಯ ಮೇಲೆ ಹರಡಿದ್ದ: ಒಂದು ಕಡೆ ಸೀಲಿನ ಪೊಟ್ಟಣದ್ದು, ಇನ್ನೊಂದು ಕಡೆ ಸ್ಯಾಂಪಲ್ ಅಳತೆಗೆ ಮಾಡಿಸಿದ್ದು. ನನ್ನನ್ನು ನೋಡಿದ. ನಾನು ಅವ್ವನ ಕಡೆ ಕೈ ತೋರಿಸಿದೆ.

“ನೀವೇ ಹೇಳಿ ಅಮ್ಮಾವ್ರೇ, ಕಂಪ್ನೀದೋ ಲೋಕಲ್ಲೋ?”

ಅವ್ವ ಕನ್ನಡಕ ಹಣೆಗೇರಿಸಿ, ಒಂದು ತುದಿಯನ್ನು ಮಂಜಣ್ಣನಿಗೆ ಹಿಡಿಸಿ, ಇನ್ನೊಂದನ್ನು ತಾನು ಹಿಡಿದು ಎಳೆದಳು. ಬಳೆಯಂತೆ ಸುತ್ತಿ ಮತ್ತೆ ಎಳೆದಳು. ತಂತಿಯ ಉದ್ದಕ್ಕೂ ಹೆಬ್ಬೆರಳು ಸವರಿದಳು. ಸೀಲಿನ ಆಕ್ಸಿಲರೇಟರ್ ವೈರನ್ನು ಎರಡನೇ ಸಲ ಎಳೆದು ಪಕ್ಕಕ್ಕಿಟ್ಟಳು.

“ಇದು ನಡುವಲ್ಲಿ ಕರಕರ ಅಂತೈತೆ. ಬೇಡ. ಆ ಹೊಸಾದು ಹಾಕು.”

“ಸೀಲ್ ಇತ್ತಲ್ಲವ್ವ,” ಎಂದೆ. ಅಷ್ಟೆಲ್ಲ ಆದ ಮೇಲೂ ಬಾಯಿಂದ ಬಂದುಬಿಟ್ಟಿತು.

“ಗಾಡಿ ಓಡ್ಸೋದು ಸೀಲಲ್ಲ ಕಣೇ, ತಂತಿ.”

ಹ್ಯಾಂಡ್‌ಬ್ರೇಕಿನ ವೈರುಗಳ ಸರದಿ ಬಂದಾಗ ಲೋಕಲ್ಲಿನ ಗುಂಡನ್ನು ಉಗುರಲ್ಲಿ ತಟ್ಟಿ, ಬೆಸುಗೆ ಸಾಲದು ಎಂದು ಅದನ್ನು ವಾಪಸು ಕೊಟ್ಟು, ಕಂಪನಿಯದನ್ನೇ ಆರಿಸಿದಳು. ಚೋಕಿನ ವೈರಿಗೆ ಮತ್ತೆ ಲೋಕಲ್. ಮಂಜಣ್ಣ ಆರಿಸಿದ ವೈರುಗಳನ್ನು ತಾನೂ ಒಮ್ಮೆ ಎಳೆದು ನೋಡಿ, ಅವಳನ್ನು ನೋಡಿ, ಕೆಲಸಕ್ಕೆ ಬಗ್ಗಿದ. ಅಷ್ಟು ವರ್ಷ ಅವ್ವನನ್ನು ಲೋಕಲ್ ಪಕ್ಷದವಳು ಎಂದು ನಕ್ಕಿದ್ದೆವು. ಅವಳು ಯಾವ ಪಕ್ಷವೂ ಅಲ್ಲ ಎಂದು ಅಂದು ಆ ಹಲಗೆಯ ಮುಂದೆ ನಿಂತು ತಿಳಿದುಕೊಂಡೆ.

ವಾರದ ಮೇಲೆ ಮಂಜಣ್ಣ ಕಾರನ್ನು ತೋಟಕ್ಕೆ ತಂದು ಅಂಗಳದಲ್ಲಿ ನಿಲ್ಲಿಸಿ, ಕೀಲಿಕೈ ನನಗೆ ಕೊಟ್ಟು ಬಸ್ಸಿಗೆ ಹೋದ. ಅವ್ವ ಕೈ ಚಾಚಿದಳು. ಕೊಟ್ಟೆ. ಅವಳು ಬಾಗಿಲು ತೆರೆದು, ಸೀಟಿನ ಮೇಲೆ ಒಂದು ದಿಂಬು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ನಾನು ಆ ಕಡೆಯಿಂದ ಬಂದು ಮುಂದಿನ ಬಾಗಿಲಿಗೆ ಕೈ ಹಾಕಿದೆ.

“ಹಿಂದ್ಗಡೆ ಕೂತ್ಕಳೇ. ಮುಂದೆ ಕೂತ್ರೆ ನಂಗೆ ಪಾಠ ಮಾಡಕ್ಕೆ ಬತ್ತೀಯ.”

ಹಿಂದೆ ಹೋಗಿ ಕೂತೆ. ಅವ್ವ ಒಂದೆರಡು ಸಲ ಪೆಡಲು ಒತ್ತಿ, ಬಿಟ್ಟು, ತಂತಿ ವಾಪಸು ಬರುವುದನ್ನು ಕಾಲಿನಲ್ಲೇ ಕೇಳಿಸಿಕೊಂಡಳು. ಕಾರು ಒಂದನೇ ಗೇರಿನಲ್ಲಿ ಅಂಗಳ ಸುತ್ತಿತು, ಎಳನೀರಿನ ರಾಶಿಯನ್ನು ಬಳಸಿತು, ತೆಂಗಿನ ಸಾಲಿನ ನಡುವಿನ ಮಣ್ಣುದಾರಿಗೆ ಇಳಿಯಿತು. ಸಾಲಿನ ಕೊನೆಗೆ ತಿರುಗಿಸುತ್ತಾಳೆ ಎಂದುಕೊಂಡೆ. ತಿರುಗಿಸಲಿಲ್ಲ. ತೋಟದ ಗೇಟಿನ ಮುಂದೆ ಮೊಳದ ಅಂತರದಲ್ಲಿ ನಿಲ್ಲಿಸಿ, ಇಂಜಿನ್ ಆರಿಸದೆ, ಕನ್ನಡಿಯಲ್ಲಿ ನನ್ನನ್ನು ನೋಡಿದಳು.

“ಏನ್ ನೋಡ್ತಾ ಕೂತಿದ್ದೀಯ? ಇಳ್ದು ಗೇಟ್ ತೆಗಿ.”

ನಾನು ಇಳಿದು ಗೇಟು ತೆಗೆದೆ.